ಗೋಮಾಳ ಖಾಲಿ ಜಾಗವಲ್ಲ

(ಸಂಘದ ರಜತ ಮಹೋತ್ಸವದ ಅಂಗವಾಗಿ ಸೇರಿದ್ದ ಸರ್ವ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ ಮಾತ್ರ. ಆದರೆ ನಮ್ಮ ಕಾರ್ಯದರ್ಶಿಗಳು "ಗೋಮಾಳದ ವಿಷಯಕ್ಕೆ ನಿಮ್ಮಷ್ಟು ಜಗಳ ಆಡಿದವರು ಇನ್ಯಾರೂ ಇಲ್ಲ, ನೀವೇ ಮಾತಾಡಿ" ಅಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗಲಿಲ್ಲ. ಏನೇ ಆಗಲಿ, ಒಪ್ಪಿಕೊಂಡು ಬಂದು ನಿಂತಿದ್ದೇವೆ.

ವಿಷಯ ಏನಪ್ಪಾ ಅಂದರೆ, ರಜತ ಮಹೋತ್ಸವ ಸಮಿತಿಯಲ್ಲಿ ನಮ್ಮ ಯುವಕರು ಒಂದು ಸೂಚನೆ ತಂದಿದ್ದಾರೆ. ಸಂಘಕ್ಕೆ 25 ವರ್ಷ ತುಂಬಿತು, ವರ್ಷಕ್ಕೆ ನೂರರ ಹಾಗೆ 2,500 ಗಿಡಗಳನ್ನು ಒಂದೇ ದಿನ ಗೋಮಾಳದಲ್ಲಿ ನೆಡೋಣ, ಫೋಟೋ ತೆಗೆಸೋಣ, ಊರಿಗೆ ಹೆಸರು ಬರಲಿ ಅಂತ. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾವು ಈ ಸೂಚನೆಗೆ ವಿರುದ್ಧವಾಗಿ ಮಾತಾಡಬೇಕಾಗಿದೆ. ಯಾಕೆ ಅಂದರೆ ಇದೇ ತಪ್ಪನ್ನು ನಾವು ಒಂದು ಸಲ ಮಾಡಿದ್ದೇವೆ. ಅದರ ಕಥೆಯನ್ನು ಪೂರ್ತಿ ಕೇಳಿ, ಆಮೇಲೆ ತಾವೇ ತೀರ್ಮಾನ ಮಾಡಬೇಕು.

ಮೊದಲು ನಮ್ಮ ಸೀಮೆಯ ವಿಚಾರ ಸ್ವಲ್ಪ ಹೇಳುತ್ತೇವೆ. ನಮ್ಮ ಬಂಗಾರಪೇಟೆ ಮಲೆನಾಡಲ್ಲ. ವರ್ಷಕ್ಕೆ 700ರಿಂದ 750 ಮಿಲಿಮೀಟರ್ ಮಳೆ ಬಿದ್ದರೆ ಅದೇ ನಮ್ಮ ಪುಣ್ಯ. ಕೆಂಪು ಮಣ್ಣು, ಗರಸು, ಬಂಡೆ, ದಿನ್ನೆ. ಇಂಥ ನೆಲದಲ್ಲಿ ದಟ್ಟ ಕಾಡು ಬೆಳೆಯುವುದು ಕಷ್ಟ. ಇಲ್ಲಿ ಹಿಂದಿನಿಂದ ಇದ್ದದ್ದು ಹುಲ್ಲು. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಕಗ್ಗಲಿ, ಬಿಳಿಜಾಲಿ, ದಿಂಡಿಗ, ಮುತ್ತುಗ, ಎಲಚಿ, ಕಕ್ಕೆ, ಬೇವು. ಹಳ್ಳದ ಮಗ್ಗುಲಿಗೆ ಹೊಂಗೆ, ಈಚಲು. ಬಂಡೆಯ ಸಂದಿನಲ್ಲಿ ಕಾರೆ, ಕವಳೆ, ಬಂದರಿ, ತಂಗಡಿ. ಹುಲ್ಲೇ ಮುಖ್ಯವಾಗಿ, ಮರಗಳು ದೂರ ದೂರ ಇರುವ ಇಂಥ ಬಯಲಿಗೆ ವಿಜ್ಞಾನಿಗಳು ಸವನ್ನಾ ಎಂಬ ಹೆಸರು ಕೊಟ್ಟಿದ್ದಾರೆ. ನಮ್ಮ ಹಿರಿಯರು ಕೊಟ್ಟ ಹೆಸರು ಗೋಮಾಳ, ಹುಲ್ಲುಬನಿ, ಬೀಳು. ಸರ್ಕಾರದ ಭೂ ಕಂದಾಯ ನಿಯಮಗಳಲ್ಲೂ ಇದಕ್ಕೆ ಒಂದು ಲೆಕ್ಕ ಇದೆ. ಪ್ರತಿ ನೂರು ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು ಅಂತ. ನಮ್ಮೂರಿನ ರಾಸುಗಳನ್ನು ಎಣಿಸಿ, ಗೋಮಾಳ ಅಳೆದು ನೋಡಿದರೆ ಆ ಲೆಕ್ಕಕ್ಕೆ ಎಷ್ಟು ಕಮ್ಮಿ ಇದ್ದೇವೆ ಅನ್ನುವುದು ತಮಗೆಲ್ಲ ಗೊತ್ತೇ ಇದೆ. ಒತ್ತುವರಿ ಹೋಗಿ ಉಳಿದದ್ದು 46 ಎಕರೆ.

ಈ ಬಯಲಿನ ಮರ ಹೋದದ್ದು ಹೇಗೆ? ಒಂದೇ ದಿನದಲ್ಲಿ ಹೋಗಲಿಲ್ಲ. ನಮ್ಮ ಪಕ್ಕದಲ್ಲೇ ಕೋಲಾರ ಚಿನ್ನದ ಗಣಿ ಇದೆ. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಇಲ್ಲಿ ಕೆಲಸ ಶುರು ಮಾಡಿದರು. ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಅಲ್ಲಿಯವರೆಗೆ ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉಗಿ ಬೇಕೆಂದರೆ ಒಲೆ ಉರಿಯಬೇಕು, ಒಲೆ ಉರಿಯಬೇಕೆಂದರೆ ಸೌದೆಯೋ ಕಲ್ಲಿದ್ದಲೋ ಬೇಕು. ಸುರಂಗದ ಒಳಗೆ ಬಂಡೆ ಕುಸಿಯದಂತೆ ಆಸರೆ ಕೊಡುವುದಕ್ಕೆ ಮರದ ದಿಮ್ಮಿ ಬೇಕು. ಸಾವಿರಾರು ಕಾರ್ಮಿಕರ ಮನೆಯ ಒಲೆಗೂ ಸೌದೆ ಬೇಕು. ಸುತ್ತಲಿನ ದಿನ್ನೆಗಳು ಬೋಳಾಗಲಿಕ್ಕೆ ಇನ್ನೇನು ಬೇಕು? ನಮ್ಮ ತಾತನ ಕಾಲಕ್ಕೇ ಗೋಮಾಳದಲ್ಲಿ ದೊಡ್ಡ ಮರ ಅಂತ ಹೇಳಿಕೊಳ್ಳುವುದು ಬೆರಳೆಣಿಕೆಗೆ ಬಂದಿತ್ತಂತೆ.

ಗಣಿಯನ್ನು ಬರೀ ಬೈಯುವ ಹಾಗೂ ಇಲ್ಲ. ನಮಗೆ ಅನ್ನ ಕೊಟ್ಟದ್ದೂ ಅದೇ. ನಮ್ಮ ತಂದೆಯವರು ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು, ಬೆಳಗಿನ ಜಾವ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯ ಲೈನ್ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಆ ಹಾಲಿನ ದುಡ್ಡಿನಲ್ಲೇ ನಾವು ಶಾಲೆ ಕಂಡದ್ದು. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಕಾರ್ಮಿಕರ ಮಕ್ಕಳು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಕಾಲ ಬಂತು. ಆವಾಗ ನಮ್ಮ ಸಂಘಕ್ಕೆ ಇನ್ನೂ ಒಂದು ವರ್ಷದ ಪ್ರಾಯ. ಸಂಘ ಇಲ್ಲದಿದ್ದರೆ ಆ ಹಾಲನ್ನು ಯಾರಿಗೆ ಮಾರುತ್ತಿದ್ದೆವೋ ದೇವರೇ ಬಲ್ಲ. ಈ ಮಾತು ಯಾಕೆ ಹೇಳಿದೆವು ಅಂದರೆ, ಸಂಘ ನಿಂತಿರುವುದು ಹಾಲಿನ ಮೇಲೆ, ಹಾಲು ನಿಂತಿರುವುದು ಮೇವಿನ ಮೇಲೆ. ಗೋಮಾಳ ಸಂಘದ ಆಸ್ತಿಯಲ್ಲ, ಅದು ಊರಿನ ಸಾಮಾನ್ಯ ಭೂಮಿ. ಆದರೆ ಅದು ಕೆಟ್ಟರೆ ಮೊದಲು ಏಟು ಬೀಳುವುದು ನಮ್ಮ ಕ್ಯಾನಿಗೆ.

ಇನ್ನು ನೀಲಗಿರಿ ವಿಚಾರ. 1983ರ ಸುಮಾರಿಗೆ ವಿಶ್ವ ಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಸಸಿ ಸುಲಭವಾಗಿ ಸಿಗುತ್ತಿತ್ತು, ದನ ಮುಟ್ಟುವುದಿಲ್ಲ, ಕೂಲಿ ಬೇಡ, ಐದಾರು ವರ್ಷಕ್ಕೆ ಕಟಾವು. ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪಾದವು. ತುಮಕೂರು ಕಡೆಯ ರೈತರು ಅದೇ 1983ರಲ್ಲಿ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹಾಕಿದರು. ನಮ್ಮ ಕಡೆಯವರಿಗೆ ಬುದ್ಧಿ ತಡವಾಗಿ ಬಂತು. ನಮ್ಮ ತಂದೆಯವರೂ ಎರಡು ಎಕರೆ ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ಮೂರು ಸಲ ಕಡಿದು ಮಾರಿದೆವು, ದುಡ್ಡು ನೋಡಿದ್ದು ನಿಜ. ಆದರೆ ಅದರ ಕೆಳಗೆ ಒಂದು ಹಿಡಿ ಹುಲ್ಲು ಹುಟ್ಟಲಿಲ್ಲ. ಮಗ್ಗುಲಿನ ತೆರೆದ ಬಾವಿ ಒಣಗಿತು. ಬಾವಿ ಒಣಗಲಿಕ್ಕೆ ಬೋರ್‌ವೆಲ್ಲುಗಳೂ ಕಾರಣ, ಎಲ್ಲವನ್ನೂ ನೀಲಗಿರಿ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ, ಅಕೇಶಿಯ ಬೆಳೆಯಬಾರದೆಂದು ಆದೇಶ ಮಾಡಿತು. ಬೊಡ್ಡೆ ಕೀಳಿಸಲು ನಮಗೆ ಖರ್ಚಾದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾಡಿದ್ದುಣ್ಣೋ ಮಾರಾಯ ಅನ್ನುವ ಹಾಗೆ ಆಯಿತು.

ಈಗ ನಮ್ಮ ತಪ್ಪಿಗೆ ಬರುತ್ತೇವೆ.

2012ರಲ್ಲಿ ನಾವು ಹೊಸದಾಗಿ ನಿರ್ದೇಶಕರಾಗಿದ್ದೆವು. ಉತ್ಸಾಹ ಜಾಸ್ತಿ. ಗೋಮಾಳ ಬೋಳಾಗಿದೆ, ಹಸಿರು ಮಾಡಬೇಕು ಅಂತ ನಾವೇ ಮುಂದೆ ನಿಂತು ಠರಾವು ಮಾಡಿಸಿದೆವು. ಪಂಚಾಯ್ತಿಯವರೂ ಒಪ್ಪಿದರು. ಜೆ.ಸಿ.ಬಿ. ತರಿಸಿ ಸಾಲು ಸಾಲಾಗಿ ಗುಂಡಿ ತೆಗೆಸಿದೆವು. ಹುಲ್ಲಿನ ಹೆಂಟೆಯೆಲ್ಲ ಕಿತ್ತು ಬಂತು, ನೋಡಲಿಕ್ಕೆ ಕೆಂಪಗೆ ಚೆನ್ನಾಗಿ ಕಾಣಿಸಿತು. ಸಿಕ್ಕಿದ ಸಸಿ ಎಲ್ಲಾ ತಂದೆವು. ಸಿಲ್ವರ್ ಓಕು, ಗುಲ್‌ಮೊಹರು, ಸ್ವಲ್ಪ ಹೊಂಗೆ, ಒಟ್ಟು 1,200 ಸಸಿ. ಸುತ್ತ ಮುಳ್ಳುತಂತಿ ಹಾಕಿ, ಯಾರ ರಾಸೂ ಒಳಗೆ ಬರಕೂಡದು, ಬಂದರೆ ದಂಡ ಅಂತ ತಮಟೆ ಹೊಡೆಸಿದೆವು. ಊರ ದೊಡ್ಡವರ ಕೈಯಲ್ಲಿ ಮೊದಲ ಗಿಡ ನೆಡಿಸಿ ಫೋಟೋನೂ ತೆಗೆಸಿದೆವು. ಆ ಫೋಟೋ ಈಗಲೂ ಸಂಘದ ಕಚೇರಿ ಗೋಡೆಯ ಮೇಲಿದೆ.

ಎರಡು ಬೇಸಿಗೆ ಕಳೆಯಿತು. 1,200ರಲ್ಲಿ ಉಳಿದದ್ದು ನೂರೂ ಇಲ್ಲ. ಉಳಿದವೂ ಬಹುಪಾಲು ಹಳ್ಳದ ಕಡೆಯ ಹೊಂಗೆ. ಹುಲ್ಲು ಕಿತ್ತ ಕಡೆ ಮಳೆ ನೀರು ಮಣ್ಣು ಕೊಚ್ಚಿಕೊಂಡು ಹೋಯಿತು. ಗುಂಡಿ ತೆಗೆದ ಹೊಸ ಮಣ್ಣಿನ ಮೇಲೆ ಪಾರ್ಥೇನಿಯಂ, ಲಂಟಾನ ಬಂದು ಕೂತವು. ಅಲ್ಲಿಗೆ ಮರವೂ ಇಲ್ಲ, ಮೇವೂ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮೂರಿನಲ್ಲಿ ಆಡು ಮೇಯಿಸುವ ನಾಲ್ಕು ಮನೆಗಳಿವೆ. ಅವರಿಗೆ ಹೊಲ ಇಲ್ಲ, ಹಸು ಇಲ್ಲ. ಹಸು ಇಲ್ಲದ್ದರಿಂದ ಸಂಘದ ಸದಸ್ಯತ್ವವೂ ಇಲ್ಲ. ಠರಾವು ಮಾಡುವಾಗ ಅವರನ್ನು ಒಂದು ಮಾತು ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ತಂತಿ ಹಾಕಿದ ಮೇಲೆ ಅವರ ಮನೆಯ ಒಬ್ಬ ಅಜ್ಜಿ ಇದ್ದ 30 ಆಡಿನಲ್ಲಿ ಅರ್ಧ ಮಾರಿದರು. ಸಂತೆಯಲ್ಲಿ ಸಿಕ್ಕಿದ ಬೆಲೆಗೆ. ಅದು ನಮ್ಮಿಂದ ಆದದ್ದು. ಇವತ್ತು ಈ ಸಭೆಯಲ್ಲಿ ಅದನ್ನು ಒಪ್ಪಿಕೊಳ್ಳದೆ ಮುಂದಕ್ಕೆ ಹೋದರೆ ಈ ಭಾಷಣಕ್ಕೆ ಅರ್ಥವಿಲ್ಲ.

2014ರ ಬೇಸಿಗೆಯಲ್ಲಿ ಒಣಗಿದ ಗುಂಡಿಗಳನ್ನು ನೋಡಿಕೊಂಡು ನಿಂತಿದ್ದೆವು. ಸತ್ತ ಸಸಿಗಳ ಜಾಗಕ್ಕೆ ಮತ್ತೆ ಗುಂಡಿ ತೆಗೆಸಬೇಕು ಅಂತ ಯೋಚನೆ. ಆ ಅಜ್ಜಿ ತಂತಿಯ ಆಚೆ ನಿಂತು, "ಏನ್ ಸ್ವಾಮಿ, ಸತ್ತಿದ್ದನ್ನ ನೆಡ್ತೀರಿ, ಬದುಕಿರೋದನ್ನ ಕೀಳ್ತೀರಿ" ಅಂದರು. ನಮಗೆ ಸಿಟ್ಟು ಬಂತು. ಬದುಕಿರೋದು ಏನಿದೆ ತೋರಿಸಮ್ಮ ಅಂದೆವು. ಅಜ್ಜಿ ಒಳಗೆ ಬಂದು ಮೊಣಕಾಲೂರಿ ಕೂತು, ನೆಲಕ್ಕೆ ಅಂಟಿಕೊಂಡಿದ್ದ ಒಂದು ಗೇಣುದ್ದದ ಮುಳ್ಳು ಕಡ್ಡಿ ತೋರಿಸಿದರು. ನಾವು ದಿನಾ ತುಳಿದುಕೊಂಡು ಓಡಾಡಿದ ಕಡ್ಡಿ ಅದು. ಸುತ್ತ ಮಣ್ಣು ಕೆದಕಿದರು. ಮೇಲೆ ಬೆರಳಿನ ಗಾತ್ರ, ಕೆಳಗೆ ಬೇರು ನಮ್ಮ ಮಣಿಕಟ್ಟಿನ ಗಾತ್ರ. ಅದು ಕಗ್ಗಲಿ. ಎಷ್ಟು ವರ್ಷದ್ದೋ ಏನೋ. ಪ್ರತಿ ವರ್ಷ ಚಿಗುರುತ್ತದೆ, ಪ್ರತಿ ವರ್ಷ ಆಡು ಕಡಿಯುತ್ತದೆ ಇಲ್ಲವೇ ಬೆಂಕಿ ಸುಡುತ್ತದೆ ಇಲ್ಲವೇ ಸೌದೆಗೆ ಯಾರಾದರೂ ಕೊಯ್ಯುತ್ತಾರೆ. ಮರ ಸತ್ತಿಲ್ಲ, ಮೇಲಕ್ಕೆ ಬರಲು ಅವಕಾಶ ಸಿಕ್ಕಿಲ್ಲ ಅಷ್ಟೆ. ಅಜ್ಜಿ ಅರ್ಧ ಗಂಟೆಯಲ್ಲಿ ಮುತ್ತುಗದ ಬೇರುಮೊಳಕೆ, ದಿಂಡಿಗದ ಹಳೇ ಬೊಡ್ಡೆ, ಎಲಚಿ, ಕಕ್ಕೆ, ಎಲ್ಲಾ ತೋರಿಸಿದರು. ನಮ್ಮ ಜೆ.ಸಿ.ಬಿ. ಗುಂಡಿಗಳಲ್ಲಿ ಇಂಥ ಎಷ್ಟು ಬೇರುಗಳು ತುಂಡಾಗಿದ್ದವೋ ಲೆಕ್ಕ ಇಟ್ಟವರಿಲ್ಲ.

ನಮ್ಮ ಮಗಳು ಬಂಗಾರಪೇಟೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಈ ಕಥೆ ಹೇಳಿದಾಗ ಅವಳು ಇದೇ ರೀತಿಯ ಇನ್ನೊಂದು ಸಂಗತಿ ಓದಿ ಹೇಳಿದಳು. ಆಫ್ರಿಕಾ ಖಂಡದಲ್ಲಿ ನೈಜರ್ ಅಂತ ಬಡ ದೇಶ ಇದೆ. ಅಲ್ಲಿನ ಮರಾಡಿ ಎಂಬ ಸೀಮೆಯಲ್ಲಿ ಆಸ್ಟ್ರೇಲಿಯಾದ ಟೋನಿ ರಿನಾಡೊ ಎಂಬುವರು 1980ರ ದಶಕದ ಆರಂಭದಲ್ಲಿ ವರ್ಷಗಟ್ಟಲೆ ಸಸಿ ನೆಟ್ಟು ನೆಟ್ಟು ಸೋತಿದ್ದರಂತೆ. ಒಂದು ದಿನ ದಾರಿ ಬದಿಯಲ್ಲಿ ಪೊದೆ ಅಂದುಕೊಂಡಿದ್ದನ್ನು ಹತ್ತಿರ ಹೋಗಿ ನೋಡಿದರೆ ಕಡಿದ ಮರದ ಬೊಡ್ಡೆಯ ಚಿಗುರು. ಅಂದಿನಿಂದ ನೆಡುವುದು ಬಿಟ್ಟು, ಒಂದೊಂದು ಬೊಡ್ಡೆಯಲ್ಲಿ ಒಳ್ಳೆಯ ಚಿಗುರು ಮಾತ್ರ ಉಳಿಸಿ ಕಾಯುವುದನ್ನು ರೈತರಿಗೆ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಆ ದೇಶದ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಬಂದವು. ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ನಮ್ಮೂರ ಅಜ್ಜಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ, ನಮ್ಮಿಂದ ದಂಡದ ಬೆದರಿಕೆ ಬಂತು.

ನಮ್ಮ ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದ ವಿಜ್ಞಾನಿಗಳೂ 2011ರಿಂದ ಇದನ್ನೇ ಬರೆಯುತ್ತಿದ್ದಾರೆ. ನಮ್ಮ ದೇಶದಲ್ಲಿ ಹಾಳಾದ ಕಾಡು ಅಂತ ಲೆಕ್ಕ ಹಾಕಿರುವ ಎಷ್ಟೋ ಬಯಲು ಹಾಳಾದ ಕಾಡಲ್ಲ, ಅವು ಮೊದಲಿನಿಂದಲೂ ಸವನ್ನಾ. ಅಲ್ಲಿನ ಹುಲ್ಲಿಗೆ ಬಿಸಿಲು ಬೇಕು. ಒತ್ತೊತ್ತಾಗಿ ಗಿಡ ನೆಟ್ಟು ನೆರಳು ಮಾಡಿದರೆ ಹುಲ್ಲು ಸಾಯುತ್ತದೆ, ಹುಲ್ಲನ್ನು ನಂಬಿದ ಪ್ರಾಣಿ ಪಕ್ಷಿಗಳೂ ಹೋಗುತ್ತವೆ. ಕೆ.ಜಿ.ಎಫ್. ಸುತ್ತಿನ ಬಯಲಿನಲ್ಲಿ ಈಗಲೂ ಕೃಷ್ಣಮೃಗ ಓಡಾಡುತ್ತವೆ. ಅದು ದೂರಕ್ಕೆ ನೋಡಿ, ಓಡಿ ಬದುಕುವ ಪ್ರಾಣಿ. ದಟ್ಟ ತೋಪಿನಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಹಸುವಿಗೂ ಇಲ್ಲ.

2014ರಿಂದ ಈಚೆಗೆ ನಾವು ಮಾಡಿದ್ದು ಏನು ಅಂತ ಈಗ ಹೇಳುತ್ತೇವೆ. ಬೇರೆ ಊರಿನ ಸಂಘದವರು ಈ ಸಂಚಿಕೆ ಓದಿದರೆ ಉಪಯೋಗಕ್ಕೆ ಬರಲಿ.

ಮೊದಲನೆಯದು, ಜೆ.ಸಿ.ಬಿ. ನಿಲ್ಲಿಸಿದೆವು. ಗೋಮಾಳದ ಹುಲ್ಲಿನ ಹೆಂಟೆ ಕೀಳಬಾರದು ಅಂತ ನಿಯಮ ಮಾಡಿದೆವು. ಮಣ್ಣು ಕೊಚ್ಚಿದ ಕೊರಕಲುಗಳಿಗೆ ಮಾತ್ರ ಕಲ್ಲು ಅಡ್ಡ ಇಟ್ಟೆವು.

ಎರಡನೆಯದು, ಬೇಡದ್ದನ್ನು ತೆಗೆದೆವು. ಲಂಟಾನ, ಬಳ್ಳಾರಿ ಜಾಲಿ, ಪಾರ್ಥೇನಿಯಂ. ಲಂಟಾನವನ್ನು ಬುಡದಿಂದ, ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಕಾಯಿ ಬಿಡುವ ಮುಂಚೆ ಕೀಳಬೇಕು. ಬಳ್ಳಾರಿ ಜಾಲಿ ಮೇಲೆ ಕಡಿದರೆ ಪ್ರಯೋಜನವಿಲ್ಲ, ನಾಲ್ಕು ಪಟ್ಟು ಚಿಗುರುತ್ತದೆ. ನೆಲದ ಒಳಗೆ ಬೇರಿನ ಗಂಟು ತನಕ ತೆಗೆಯಬೇಕು. ಒಂದು ವರ್ಷದ ಕೆಲಸವಲ್ಲ ಇದು, ಪ್ರತಿ ವರ್ಷವೂ ಇದೆ.

ಮೂರನೆಯದು, ಗೋಮಾಳವನ್ನು ಎರಡು ಭಾಗ ಮಾಡಿದೆವು. ಒಂದು ಭಾಗಕ್ಕೆ ಮಳೆಗಾಲ ಪೂರ್ತಿ ರಾಸು ಬಿಡುವುದಿಲ್ಲ. ಹುಲ್ಲು ತೆನೆಯಾಗಿ, ಬೀಜ ನೆಲಕ್ಕೆ ಉದುರಿದ ಮೇಲೆ ಕುಡುಗೋಲಿನಲ್ಲಿ ಕೊಯ್ದು ಹೊರೆ ಲೆಕ್ಕದಲ್ಲಿ ಮನೆಗೆ ಒಯ್ಯಬಹುದು. ಇನ್ನೊಂದು ಭಾಗ ಮೇಯಲಿಕ್ಕೆ ಬಿಟ್ಟಿರುತ್ತದೆ. ಎರಡು ಮೂರು ವರ್ಷಕ್ಕೆ ಅದಲು ಬದಲು. ಮೊದಲ ಎರಡು ವರ್ಷ ಬಂದದ್ದು ಬರೀ ಹಂಚಿಕಡ್ಡಿ, ರಾಸು ಮೂಸಿ ನೋಡಿ ಮುಖ ತಿರುಗಿಸುತ್ತಿದ್ದವು. ಆಮೇಲೆ ಮೆಲ್ಲಗೆ ಗರಿಕೆ, ಕರಡ, ಒಳ್ಳೆಯ ಹುಲ್ಲುಗಳು ಬಂದವು.

ನಾಲ್ಕನೆಯದು, ಬೊಡ್ಡೆ ಚಿಗುರು. ಅಜ್ಜಿ ತೋರಿಸಿದ ಬೇರುಗಳಿಗೆ ಸುಣ್ಣದ ಕಲ್ಲಿನ ಗುರುತು ಇಟ್ಟೆವು. ಒಂದು ಬೊಡ್ಡೆಗೆ ಎರಡು ಒಳ್ಳೆಯ ಚಿಗುರು ಬಿಟ್ಟು ಮಿಕ್ಕದ್ದು ಸವರಿದೆವು. ಸುತ್ತ ಕಾರೆ ಮುಳ್ಳು ಹೊದಿಸಿದೆವು. ಆಡಿನ ಬಾಯಿಗೆ ಎಟುಕದ ಎತ್ತರಕ್ಕೆ ಹೋದ ಮೇಲೆ ಅದರ ಚಿಂತೆ ಬಿಡಬಹುದು. ನೆಟ್ಟ ಸಸಿಗೆ ಕೊಡ ಹೊತ್ತು ನೀರು ಹಾಕಿ ಸಾಕಾಗಿದ್ದ ನಮಗೆ, ಒಂದು ತೊಟ್ಟು ನೀರು ಕೇಳದೆ ಮೂರು ಮಳೆಗಾಲಕ್ಕೆ ಆಳೆತ್ತರ ಬಂದ ಕಗ್ಗಲಿ ನೋಡಿ ನಾಚಿಕೆ ಆಯಿತು.

ಐದನೆಯದು, ಬೀಜ. ಬೊಡ್ಡೆಯೂ ಇಲ್ಲದ ಕಡೆ ಮಾತ್ರ, ಅದೂ ದೂರ ದೂರಕ್ಕೆ, ಬೀಜ ಊರಿದೆವು. ಬೇವಿನ ಬೀಜ ಬಹಳ ದಿನ ಇಟ್ಟರೆ ಹುಟ್ಟುವುದಿಲ್ಲ, ಹಣ್ಣು ಉದುರಿದ ಎರಡು ವಾರದ ಒಳಗೆ ಊರಬೇಕು. ಮುತ್ತುಗವೂ ಹಂಗೆ, ಹೊಸದಾಗಿದ್ದಾಗಲೇ ಹಾಕಬೇಕು. ಜಾಲಿ ಬೀಜದ ಸಿಪ್ಪೆ ಗಟ್ಟಿ. ಅದಕ್ಕೆ ಆಡೇ ಉತ್ತಮ ಯಂತ್ರ. ಕಾಯಿ ತಿಂದು, ಹೊಟ್ಟೆಯಲ್ಲಿ ಬೀಜ ಮೆತ್ತಗೆ ಮಾಡಿ, ಹಿಕ್ಕೆಯ ಗೊಬ್ಬರ ಸಮೇತ ಕೊಡುತ್ತದೆ. ಆಡಿನ ರೊಪ್ಪದಲ್ಲಿ ಬೀಜ ಗುಡಿಸಿ ತಂದೆವು. ಯಾವ ಆಡನ್ನು ಗೋಮಾಳದ ಶತ್ರು ಅಂತ ಓಡಿಸಿದ್ದೆವೋ ಅದರ ಸಹಾಯವನ್ನೇ ತೆಗೆದುಕೊಂಡೆವು. ಇನ್ನೊಂದು ಮಾತು, ಈ ನಾಡಗಿಡಗಳು ಮೊದಲ ಎರಡು ಮೂರು ವರ್ಷ ಮೇಲಕ್ಕೆ ಬೆಳೆಯುವುದೇ ಇಲ್ಲ. ಬೇಸಿಗೆಯಲ್ಲಿ ಮೇಲಿನ ಕಡ್ಡಿ ಒಣಗಿಯೂ ಹೋಗಬಹುದು. ಅವು ಮೊದಲು ಬೇರು ಇಳಿಸುತ್ತವೆ. ಸತ್ತಿದೆ ಅಂತ ಕಿತ್ತು ಹಾಕಬೇಡಿ.

ಇದಕ್ಕೆಲ್ಲ ಖರ್ಚು ಅಂದರೆ ಒಬ್ಬ ಕಾವಲುಗಾರನ ಸಂಬಳ. ಸಂಘದ ಲಾಭದಲ್ಲಿ ಧರ್ಮಕಾರ್ಯಕ್ಕೆ ಎತ್ತಿಡುವ ಹಣದಲ್ಲಿ ಅದನ್ನು ಕೊಟ್ಟಿದ್ದೇವೆ. ಲೆಕ್ಕ ಕಚೇರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಎಲ್ಲವೂ ಚೆನ್ನಾಗಿ ನಡೆಯಿತು ಅಂತ ಸುಳ್ಳು ಹೇಳುವುದಿಲ್ಲ. 2019ರ ಬೇಸಿಗೆಯಲ್ಲಿ ನಮ್ಮೂರ ಹುಡುಗರದ್ದೇ ಬೀಡಿ ಬೆಂಕಿಗೆ ಆರು ಎಕರೆ ಉರಿದುಹೋಯಿತು. ಎಲ್ಲಾ ಹೋಯಿತು ಅಂತ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆವು. ಮಳೆ ಬಿದ್ದ ಮೇಲೆ ಹುಲ್ಲು ಮೊದಲಿನಂತೆಯೇ ಬಂತು, ಕಗ್ಗಲಿ ಬುಡದಿಂದ ಮತ್ತೆ ಚಿಗುರಿತು. ಈ ಬಯಲಿನ ಗಿಡಗಳು ಬೆಂಕಿಯನ್ನೂ ಕಂಡೇ ಬೆಳೆದವು. ಹಾಗಂತ ಪ್ರತಿ ವರ್ಷ ಬೆಂಕಿ ಬಿದ್ದರೆ ತಡೆಯುವುದಿಲ್ಲ. ಆದ್ದರಿಂದ ಈಗ ಪ್ರತಿ ಮಾಘ ಮಾಸಕ್ಕೆ ಸುತ್ತ ಹತ್ತು ಅಡಿ ಅಗಲ ಹುಲ್ಲು ಸವರಿ ಬೆಂಕಿ ದಾರಿ ಮಾಡುತ್ತೇವೆ.

2021ರ ಕಾರ್ತಿಕದಲ್ಲಿ ನಮ್ಮ ಜಿಲ್ಲೆಯಲ್ಲಿ ಸುರಿದ ಮಳೆ ತಮಗೆ ನೆನಪಿದೆ. ಎಷ್ಟೋ ವರ್ಷದ ಮೇಲೆ ಕೆರೆಗಳು ಕೋಡಿ ಹರಿದವು. ಆ ದಿನ ನಾವು ಛತ್ರಿ ಹಿಡಿದು ಗೋಮಾಳಕ್ಕೆ ಹೋಗಿ ನೋಡಿದೆವು. 2012ರಲ್ಲಿ ಗುಂಡಿ ತೋಡಿದ ಕಡೆಯಿಂದ ಬರುವ ನೀರು ಇಟ್ಟಿಗೆ ಬಣ್ಣ. ಹುಲ್ಲು ಉಳಿದ ಕಡೆಯಿಂದ ಬರುವ ನೀರು ಮಜ್ಜಿಗೆ ನೀರಿನ ಬಣ್ಣ. ಇದಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಕಾಗಿಲ್ಲ.

ನಮ್ಮ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ. "ಗೋಮಾಳ ಹಂಗೇ ಬಿಟ್ಟರೆ ಖಾಲಿ ಕಾಣಿಸುತ್ತದೆ. ಖಾಲಿ ಇದೆ ಅಂದರೆ ಯಾರಾದರೂ ಹೊಡೆದುಕೊಳ್ಳುತ್ತಾರೆ. ಗಿಡ ತುಂಬಿಸಿದರೆ ಉಳಿಯುತ್ತೆ" ಅಂತ. ಈ ಭಯ ಸುಳ್ಳಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ನಮ್ಮ ತಾಲ್ಲೂಕುಗಳ ಮೇಲೆಯೇ ಹಾದು ಬಂದ ಮೇಲೆ ಎಕರೆಗೆ ಬೆಲೆ ಎಲ್ಲಿಗೆ ಹೋಗಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಗಿಡ ತುಂಬಿಸಿದರೆ ಭೂಮಿ ಉಳಿಯುವುದಿಲ್ಲ, ದಾಖಲೆ ಇದ್ದರೆ ಉಳಿಯುತ್ತದೆ. ಹಳ್ಳಿಯ ಸಾಮಾನ್ಯ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಪುಸ್ತಕದಲ್ಲಿ ನಮ್ಮ ಹುಲ್ಲು, ನಮ್ಮ ಮರ, ಮೇಯಿಸುವವರ ಹಕ್ಕು ಎಲ್ಲಾ ಬರೆಸೋಣ. ಸರ್ವೆ ಮಾಡಿಸಿ ಗಡಿ ಕಲ್ಲು ನೆಡಿಸೋಣ. 2,500 ಗುಂಡಿಗಿಂತ ಆ ಕಲ್ಲುಗಳು ಮುಖ್ಯ.

ಕೆ.ಜಿ.ಎಫ್.ನ ಸೈನೈಡ್ ಗುಡ್ಡಗಳನ್ನು ಎಲ್ಲರೂ ನೋಡಿದ್ದೀರಿ. ಬಂಡೆ ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಮಿಕ್ಕದ್ದನ್ನು ಸುರಿದದ್ದು. ಬೇಸಿಗೆ ಗಾಳಿಗೆ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಅದರಲ್ಲಿ ಹಳೆಯ ಬೇರಿಲ್ಲ, ಹುಲ್ಲಿನ ಬೀಜವಿಲ್ಲ, ಎರೆಹುಳ ಇಲ್ಲ. ಅಲ್ಲಿ ಹಸಿರು ಮಾಡಬೇಕೆಂದರೆ ಮೊದಲಿನಿಂದ ಎಲ್ಲವನ್ನೂ ತರಬೇಕು. ನಮ್ಮ ಗೋಮಾಳ ಹಂಗಲ್ಲ. ಮೇಲೆ ಬೋಳಾಗಿ ಕಂಡರೂ ಒಳಗೆ ಬೇಕಾದದ್ದೆಲ್ಲ ಇದೆ. ಇರುವುದನ್ನು ಕೆಡಿಸದಿದ್ದರೆ ಅರ್ಧ ಕೆಲಸ ಆದಂತೆ.

ಹಾಗಾದರೆ ರಜತ ಮಹೋತ್ಸವದ ನೆನಪಿಗೆ ಏನು ಮಾಡೋಣ? ನಮ್ಮ ಸೂಚನೆ ಮೂರು.

ಒಂದು, 2,500 ಗಿಡ ಬೇಡ, 25 ಗಿಡ ಸಾಕು. ಅದೂ ಗೋಮಾಳದಲ್ಲಿ ಬೇಡ. ನಮ್ಮ ಹಿರಿಯರು ಮರಕ್ಕೆ ಅಂತಲೇ ಗುಂಡುತೋಪು ಬಿಟ್ಟಿದ್ದಾರೆ. ಅಲ್ಲಿ ಹುಣಸೆ, ನೇರಳೆ, ಆಲ, ಅರಳಿ, ಹೊಂಗೆ ಹಾಕೋಣ. ಒಂದೊಂದು ಗಿಡ ಒಂದೊಂದು ಮನೆಯ ಹೆಸರಿಗೆ. ಮೂರು ವರ್ಷ ಸಾಕಿ ತೋರಿಸಿದವರಿಗೆ ಮಹಾಸಭೆಯಲ್ಲಿ ಸನ್ಮಾನ. ನೆಟ್ಟ ದಿನ ಸನ್ಮಾನ ಬೇಡ.

ಎರಡು, ಗೋಮಾಳದ ಎರಡು ಭಾಗದ ಪದ್ಧತಿಯನ್ನು ಇನ್ನು ಹತ್ತು ವರ್ಷಕ್ಕೆ ಮುಂದುವರಿಸಲು ಪಂಚಾಯ್ತಿಯ ಒಪ್ಪಿಗೆ ಕೇಳಿ ಇವತ್ತೇ ಠರಾವು ಮಾಡೋಣ.

ಮೂರು, ಇದು ನಮ್ಮ ಮನಸ್ಸಿಗೆ ಬಹಳ ಹತ್ತಿರದ್ದು. ಆಡು ಮೇಯಿಸುವ ನಾಲ್ಕು ಮನೆಯವರನ್ನು ಗೋಮಾಳದ ಸಮಿತಿಗೆ ಸೇರಿಸಿಕೊಳ್ಳಬೇಕು. ಅವರು ಹಾಲು ಹಾಕುವುದಿಲ್ಲ, ಸಂಘದ ಬೈಲಾ ಪ್ರಕಾರ ಸದಸ್ಯರಾಗಲು ಆಗುವುದಿಲ್ಲ, ಸರಿ. ಆದರೆ ಗೋಮಾಳದ ಸಮಿತಿಗೆ ಬೈಲಾ ಅಡ್ಡ ಬರುವುದಿಲ್ಲ. ಮೇಯಲು ಬಿಟ್ಟ ಭಾಗದಲ್ಲಿ ಅವರ ಆಡಿಗೆ ಜಾಗ, ಕೊಯ್ಯುವ ಭಾಗದಲ್ಲಿ ಸೊಪ್ಪಿನ ಪಾಲು, ಯಾವ ಭಾಗ ಯಾವಾಗ ಮುಚ್ಚಬೇಕು ಎನ್ನುವ ಮಾತಿನಲ್ಲಿ ಅವರ ದನಿ, ಇವಿಷ್ಟು ಬರವಣಿಗೆಯಲ್ಲಿ ಬರಬೇಕು. ಆ ಅಜ್ಜಿ ಹೋದ ವರ್ಷ ತೀರಿಕೊಂಡರು. ಬದುಕಿದ್ದಾಗ ಅವರ ಮುಂದೆ ನಿಂತು ತಪ್ಪಾಯಿತು ಅಂತ ಒಂದು ಮಾತು ಹೇಳಲಿಕ್ಕೆ ನಮಗೆ ಬಾಯಿ ಬರಲಿಲ್ಲ. ಈಗ ಅವರ ಮೊಮ್ಮಗ ಆಡು ಕಾಯುತ್ತಾನೆ. ಇವತ್ತು ಸಭೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಾನೆ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಅವನನ್ನು ಒಳಗೆ ಕರೆದು ಕೂರಿಸಿ, ಆಮೇಲೆ ಠರಾವಿಗೆ ಕೈ ಎತ್ತೋಣ ಅಂತ ನಮ್ಮ ಪ್ರಾರ್ಥನೆ.

ನಮ್ಮ ಮಾತಿನಲ್ಲಿ ಹೆಚ್ಚು ಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.